ಮೆಟ್ಟಿಲುಕೇರಿಗೆ ಹನ್ನೆರಡು ಹೊಸ ಮನೆ

ಅಮ್ಮಾನ್ ನಗರದ ಹಳೆಪೇಟೆಯಿಂದ ಮೆಟ್ಟಿಲುಕೇರಿಗೆ ಹತ್ತಬೇಕಾದ ಮೆಟ್ಟಿಲು ನೂರ ಎಪ್ಪತ್ತೆರಡು. ಹಿಕ್ಮತ್ ಹುಟ್ಟಿದ್ದು ನಲವತ್ತನೆಯ ಮೆಟ್ಟಿಲ ಪಕ್ಕದ ಬಾಡಿಗೆ ಮನೆಯಲ್ಲಿ, ಈಗ ಇರುವುದೂ ಅಲ್ಲೇ. ಐವತ್ತೊಂಬತ್ತು ವರ್ಷದಲ್ಲಿ ಅವನು ಹತ್ತಿ ಇಳಿದದ್ದನ್ನೆಲ್ಲ ಒಟ್ಟು ಹಾಕಿದರೆ ಚಂದ್ರಲೋಕಕ್ಕೆ ಹೋಗಿ ವಾಪಸ್ ಬಂದು ಚಹಾ ಕುಡಿಯಬಹುದಿತ್ತು ಎಂದು ಕ್ಷೌರದ ಸುಬ್ಹಿ ಹೇಳುತ್ತಾನೆ. ಸುಬ್ಹಿ ಹೇಳುವುದರಲ್ಲಿ ಅರ್ಧವನ್ನು ಕೇರಿ ನಂಬುವುದಿಲ್ಲ, ಉಳಿದರ್ಧವನ್ನು ಸಂಜೆಯೊಳಗೆ ಊರಿಗೆಲ್ಲ ಹಂಚುತ್ತದೆ.

ಈ ಆಗಸ್ಟ್ ತಿಂಗಳ ಉರಿಬಿಸಿಲಲ್ಲಿ ಹಿಕ್ಮತ್ ಹತ್ತುತ್ತಿದ್ದದ್ದು ಹೆಗಲಿಗೆ ಒಂದು ಚೀಲ ಹಾಕಿಕೊಂಡು. ಚೀಲದ ತುಂಬ ನುಣುಪು ಕಾಗದದ ಪುಸ್ತಿಕೆಗಳು. ಮುಖಪುಟದಲ್ಲಿ ಒಂದು ಸಂಸಾರ: ಹೊಂಬಣ್ಣದ ಕೂದಲಿನ ಗಂಡ, ಹೆಂಡತಿ, ಎರಡು ಮಕ್ಕಳು, ಅಡುಗೆಮನೆಯಲ್ಲಿ ನಿಂತು ಹಸಿ ಸೊಪ್ಪು ತಿನ್ನುತ್ತ ನಗುತ್ತಿದ್ದಾರೆ. ಅವರು ಯಾವ ಕೇರಿಯವರೋ, ಸೊಪ್ಪು ತಿನ್ನುವಾಗ ನಗುವಂಥದ್ದೇನು ಬಂತೋ ದೇವರೇ ಬಲ್ಲ. ಮೆಟ್ಟಿಲುಕೇರಿಯವರು ಆ ಪುಸ್ತಿಕೆಗಳನ್ನು ಗೌರವದಿಂದ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಕಪಾಟಿನ ಹಲಗೆಗೆ ಹಾಸುತ್ತಿದ್ದರು.

ಹಿಕ್ಮತನ ಕಂಪನಿ ಮೆಟ್ಟಿಲ ಬುಡದಲ್ಲಿ ಒಂಬತ್ತು ಮಹಡಿಯ ಕಟ್ಟಡ ಎಬ್ಬಿಸಿತ್ತು. ಅದರ ಬೆನ್ನಿಗೆ, ಗುಡ್ಡದ ಇಳಿಜಾರಿನಲ್ಲಿ ಕಡೆಯ ಮೆಟ್ಟಿಲವರೆಗೂ, ಹನ್ನೆರಡು ಹಳೆಯ ಕಲ್ಲುಮನೆಗಳು. ಎರಡನೆಯ ಕಟ್ಟಡಕ್ಕೆ ಆ ಜಾಗ ಬೇಕು. ಹಾಗಾಗಿ ಕಂಪನಿಯ ಮಾತು ಸರಳವಾಗಿತ್ತು: ಹಳೆಯ ಮನೆ ಕೊಡಿ, ಹೊಸ ಫ್ಲಾಟ್ ತಗೊಳ್ಳಿ. ಲಿಫ್ಟ್ ಇದೆ, ಬಣ್ಣ ಹೊಡೆದ ಗೋಡೆ ಇದೆ, ಕಿಟಕಿಯಿಂದ ಇಡೀ ಪೇಟೆ ಕಾಣುತ್ತದೆ. ಕೇರಿಯ ಮಗನೇ ಹೋಗಿ ಹೇಳಿದರೆ ಕೇರಿ ಕೇಳುತ್ತದೆ ಎಂದು ಹಿಕ್ಮತನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ನಾಲ್ಕು ತಿಂಗಳಾಯಿತು. ಹನ್ನೆರಡರಲ್ಲಿ ಒಂದು ಮನೆಯೂ ಅಲುಗಲಿಲ್ಲ.

ಸೋಮವಾರ ಬೆಳಿಗ್ಗೆ ಮೇಲಧಿಕಾರಿ ತಾಲಾ ಮೇಡಂ ಅವನನ್ನು ಕರೆದು ಬಾಗಿಲು ಹಾಕಿಕೊಂಡಳು. ಅವಳಿಗೆ ಮೂವತ್ತೊಂದು ವರ್ಷ. ಹಿಕ್ಮತನ ಮುಂದೆ ಕಟುವಾಗಿ ಮಾತಾಡಲು ಅವಳಿಗೆ ನಾಚಿಕೆ, ಆದರೂ ಆಡಿದಳು, ಎಲ್ಲರ ಹಾಗೆ ಅವನನ್ನು ಮಗನ ಹೆಸರು ಹಿಡಿದು, ಲಬೀಬನ ಅಪ್ಪ ಎಂದೇ ಕರೆದು.

"ಅಬು ಲಬೀಬ್, ಬರೋ ಭಾನುವಾರ ಹನ್ನೆರಡು ಸಹಿ ಈ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ. ನನ್ನ ತಲೆ ಮೇಲೂ ಜನ ಇದಾರೆ."

"ಇನ್ನೊಂದು ತಿಂಗಳು ಕೊಡಿ ಮೇಡಂ."

"ನಾಲ್ಕು ಸಲ ಕೊಟ್ಟೆ," ಎಂದಳು ತಾಲಾ, ಅವನ ಮುಖ ನೋಡದೆ.

ಹಿಕ್ಮತನಿಗೆ ಪಿಂಚಣಿಗೆ ಹನ್ನೊಂದು ತಿಂಗಳು ಬಾಕಿ ಇತ್ತು. ಹನ್ನೊಂದು ತಿಂಗಳು ಅವನ ಹೆಸರು ಒಂದು ಕಂಪನಿಯ ಹಾಜರಿಯಲ್ಲಿ ಇದ್ದರೆ ಸಾಯುವವರೆಗೂ ತಿಂಗಳು ತಿಂಗಳು ಕೈಗೆ ಬರುತ್ತದೆ, ಅವನು ಸತ್ತರೆ ಹೆಂಡತಿ ರುವೈದಾಳಿಗೆ ಬರುತ್ತದೆ. ಇರದಿದ್ದರೆ ಇಲ್ಲ. ಪಿಂಚಣಿಯ ಕಂತನ್ನು ತಾನೇ ಕಟ್ಟಿಕೊಂಡು ಹೋಗಲೂ ದಾರಿಯಿದೆ, ಆದರೆ ಅದಕ್ಕೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ಈ ವಯಸ್ಸಿನಲ್ಲಿ ಅವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಇದ್ದೊಬ್ಬ ಮಗ ಲಬೀಬ್ ಅಕಬಾದ ಹೋಟೆಲಿನಲ್ಲಿ ತಟ್ಟೆ ಎತ್ತಿಕೊಂಡು ತನ್ನ ಹೊಟ್ಟೆಯನ್ನೇ ಹೊರೆಯಲಾರದೆ ಒದ್ದಾಡುತ್ತಿದ್ದ.

ಹಿಕ್ಮತ್ ಬದುಕಿಡೀ ಏನಾದರೊಂದನ್ನು ಮಾರಿಕೊಂಡೇ ಬಂದವನು. ಹನ್ನೆರಡನೆಯ ವಯಸ್ಸಿಗೆ ಅಪ್ಪನ ಹಿಂದೆ ಕಂಬಳಿ ಹೊತ್ತ. ಆಮೇಲೆ ಫ್ರಿಜ್ ಅಂಗಡಿ, ಆಮೇಲೆ ಚಾವಣಿ ಮೇಲೆ ನಿಲ್ಲಿಸುವ ಟಿವಿ ಡಿಶ್ಶು, ಆಮೇಲೆ ಮೊಬೈಲ್ ಕಾರ್ಡು. ಅವನು ಸೇರಿದ ಅಂಗಡಿಗಳೆಲ್ಲ ಒಂದೊಂದಾಗಿ ಮುಚ್ಚಿದವು, ಅವನ ಹಾಜರಿ ಅಲ್ಲಲ್ಲೇ ತುಂಡಾಯಿತು. ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಒಂದು ಮಾತು: "ಮೆಟ್ಟಿಲು ಇಳಿವಾಗ ಮುಖ ಮುಚ್ಕೋಬೇಕಾದಂಥದ್ದನ್ನ ಮಾರಬೇಡ." ಹಿಕ್ಮತ್ ಅದನ್ನು ಪಾಲಿಸಿದ. ಹಾಳು ಫ್ರಿಜ್ ಬಂದರೆ ಅಂಗಡಿಯವನ ಜೊತೆ ಜಗಳ ಆಡಿ ವಾಪಸ್ ಕಳಿಸುತ್ತಿದ್ದ. ಎಂಬತ್ತೊಂಬತ್ತನೇ ಇಸವಿಯಲ್ಲಿ ಹಾಜಿ ಅಬು ಧಿಯಾಬರಿಗೆ ಅವನು ಮಾರಿದ ಫ್ರಿಜ್ಜನ್ನು ಇಬ್ಬರು ಹಮಾಲರ ಜೊತೆ ತಾನೂ ಹೆಗಲು ಕೊಟ್ಟು ಕಡೆಯ ಮೆಟ್ಟಿಲವರೆಗೆ ಹೊತ್ತಿದ್ದ. ಅದು ಇವತ್ತಿಗೂ ಓಡುತ್ತಿದೆ.

ಅಬು ಧಿಯಾಬರಿಗೆ ಎಂಬತ್ತು ದಾಟಿತ್ತು. ಆ ಹನ್ನೆರಡು ಮನೆಗಳಲ್ಲಿ ಇರುವವರೆಲ್ಲ ಅವರ ಮಕ್ಕಳು, ತಮ್ಮಂದಿರು, ತಮ್ಮಂದಿರ ಮಕ್ಕಳು. ಹಾಜಿ ಹೂಂ ಅಂದರೆ ಹನ್ನೆರಡೂ ಹೂಂ. ಹಾಜಿ ಊಹೂಂ ಅಂದರೆ ತಾಲಾ ಮೇಡಂ ತಲೆಕೆಳಗಾಗಿ ನಿಂತರೂ ಇಲ್ಲ.

ಬುಧವಾರ ಕಂಪನಿ ಕೊನೆಯ ಪಟ್ಟು ಹಾಕಿತು. ಮಾದರಿ ಫ್ಲಾಟಿನಲ್ಲಿ ಕೇರಿಯ ಹೆಂಗಸರಿಗೆ ಬೆಳಗಿನ ತಿಂಡಿ: ಬೇಯಿಸಿ ಅರೆದ ಕಾಳಿನ ಫೂಲ್, ಕರಿದ ಫಲಾಫಲ್ ವಡೆ, ಎಳ್ಳು ಹಚ್ಚಿದ ಬಿಸಿ ಕಅಕ್ ರೊಟ್ಟಿ. ಕರೆದ ಹದಿನೆಂಟು ಮಂದಿಗೆ ಮೂವತ್ತು ಮಂದಿ ಬಂದರು. ಮೊದಲು ತಿಂಡಿ ಮುಗಿಸಿದರು, ಆಮೇಲೆ ಮನೆ ನೋಡಲು ಎದ್ದರು. ಹಾಜಿಯ ಹೆಂಡತಿ ಉಮ್ಮ್ ಧಿಯಾಬ್ ಮುಂದೆ, ಉಳಿದವರು ಹಿಂದೆ.

"ಅಡುಗೆಮನೆಗೆ ಗೋಡೆ ಎಲ್ಲಿ?" ಎಂದಳು ಉಮ್ಮ್ ಧಿಯಾಬ್.

"ಇದು ಅಮೆರಿಕನ್ ಅಡುಗೆಮನೆ, ಹಾಜಮ್ಮ. ಹಾಲಿಗೂ ಅಡುಗೆಮನೆಗೂ ಮಧ್ಯೆ ಗೋಡೆ ಇರಲ್ಲ. ಗಾಳಿ ಬೆಳಕು ಚೆನ್ನಾಗಿರುತ್ತೆ," ಎಂದ ಹಿಕ್ಮತ್.

"ಹಂಗಾದ್ರೆ ಗಂಡಸರು ಇಲ್ಲಿ ಕೂತಿರ್ತಾರೆ, ನನ್ನ ಸೊಸೆ ಅಲ್ಲಿ ನಿಂತು ಬೆವರು ಒರೆಸ್ಕೊಂಡು ಈರುಳ್ಳಿ ಹುರೀತಾಳೆ. ಬಂದೋರಿಗೆ ಟಿವಿನೇ ಬೇಡ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುವಿನ ಭರದಲ್ಲಿ ಉಮ್ಮ್ ಧಿಯಾಬಳ ಕೈಯ ಕಾಫಿ ಮಾದರಿ ಫ್ಲಾಟಿನ ಬಿಳಿ ಸೋಫಾದ ಮೇಲೆ ಚೆಲ್ಲಿತು. "ಖೈರ್, ಖೈರ್!" ಎಂದು ಮೂವತ್ತು ಬಾಯಿ ಒಟ್ಟಿಗೆ ಕೂಗಿತು. ಚೆಲ್ಲಿದ ಕಾಫಿ ಒಳ್ಳೆಯದನ್ನೇ ತರುತ್ತದೆ ಎಂದು ಹುಟ್ಟಿದ ಕೂಸಿಗೂ ಗೊತ್ತು. ತಾಲಾ ಮೇಡಂ ಮಾತ್ರ ಸೋಫಾ ನೋಡಿ ಬೆಳ್ಳಗಾದಳು.

ಆಮೇಲೆ ಉಮ್ಮ್ ಧಿಯಾಬ್ ನಗು ನಿಲ್ಲಿಸಿ ಕಿಟಕಿಯಿಂದ ಮೇಲೆ ಇಣುಕಿದಳು. "ನಮ್ಮ ಟ್ಯಾಂಕು ಯಾವುದು, ಅಬು ಲಬೀಬ್?"

"ಎಲ್ಲರಿಗೂ ಸೇರಿ ಒಂದು. ಕೆಳಗೆ, ನೆಲದಡಿ."

ನಗುವಿನ ಸದ್ದು ಅಡಗಿತು. ವಾರಕ್ಕೊಂದು ದಿನ ನಲ್ಲಿಯಲ್ಲಿ ನೀರು ಬರುವ ಊರಿದು. ಮೆಟ್ಟಿಲುಕೇರಿಯ ಪಾಳಿ ಶುಕ್ರವಾರ. ಒಬ್ಬೊಬ್ಬರ ಚಾವಣಿ ಮೇಲೆ ಅವರವರ ಟ್ಯಾಂಕು ಮೂರೋ ನಾಲ್ಕೋ ಇರುತ್ತವೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಾರು, ಹೆಣ್ಣು ಕೊಟ್ಟು ತಂದಾರು, ಟ್ಯಾಂಕು ಹಂಚಿಕೊಳ್ಳುವುದಿಲ್ಲ. ಹೆಂಗಸರು ಉಳಿದ ಕಅಕ್ಕನ್ನು ಚೀಲಕ್ಕೆ ತುಂಬಿಕೊಂಡು, ಹಿಕ್ಮತನಿಗೆ ಆಯುಷ್ಯ ಕೋರಿ, ಮೆಟ್ಟಿಲು ಹತ್ತಿದರು.

ಹಿಕ್ಮತ್ ನೇರ ಕಟ್ಟಡದ ಇಂಜಿನಿಯರ್ ಬಳಿ ಹೋದ. "ಕಟ್ಟಡದ ತುಂಬ ಜನ ಬಂದ್ರೆ ಆ ಟ್ಯಾಂಕಿನ ನೀರು ಎಷ್ಟು ದಿನ ಬರುತ್ತೆ? ನನಗೊಬ್ಬನಿಗೆ ಹೇಳು, ಸಾಕು."

ಇಂಜಿನಿಯರ್ ಆಚೀಚೆ ನೋಡಿದ. "ಎರಡು ದಿನ. ಮೇಲೆ ಟ್ಯಾಂಕಿಗೆ ಜಾಗ ಬಿಟ್ಟಿದ್ರು ಚಿಕ್ಕಪ್ಪಾ, ಆಮೇಲೆ ಅಲ್ಲಿ ಕಾಫಿ ಹೋಟೆಲು, ಈಜುಕೊಳ ಬಂತು."

"ಉಳಿದ ಐದು ದಿನ?"

"ಲಾರಿ ನೀರು ಕೊಂಡ್ಕೋಬೇಕು. ನನ್ನ ಹೆಸರು ಮಾತ್ರ ಎತ್ತಬೇಡಿ."

ಮೆಟ್ಟಿಲುಕೇರಿಯಲ್ಲಿ ವಾರ ವಾರ ಲಾರಿ ನೀರು ಕೊಳ್ಳುವ ತಾಕತ್ತಿನವರು ಒಬ್ಬರೂ ಇರಲಿಲ್ಲ. ಹಿಕ್ಮತನಿಗೆ ಇದು ಗೊತ್ತು. ಗೊತ್ತಾದ ಮೇಲೆ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಸಹಿ ಮಾಡಿಸಿದರೆ ಅವರು ಒಣಗುತ್ತಾರೆ, ಮಾಡಿಸದಿದ್ದರೆ ತಾನು ಒಣಗುತ್ತೇನೆ. ಅತ್ತ ದರಿ ಇತ್ತ ಪುಲಿ. ಆ ಹೊತ್ತಿನಲ್ಲಿ ಅವನು ಒಳ್ಳೆಯ ಮನುಷ್ಯನಾಗಿರಲಿಲ್ಲ ಎಂದು ಹೇಳಿಬಿಡುವುದೇ ಸರಿ. ಹೆದರಿದ ಮನುಷ್ಯನಾಗಿದ್ದ. 'ಯಾರು ಎಷ್ಟು ದಿನ ಬದುಕಿರುತ್ತಾರೋ, ನೀರಿನ ಪಾಳಿ ಮುಂದೆ ಹೆಚ್ಚಲೂಬಹುದು, ನಾನೇನು ಕಟ್ಟಡ ಕಟ್ಟಿದವನೇ' ಎಂದೆಲ್ಲ ತನಗೆ ತಾನೇ ಹೇಳಿಕೊಂಡು ಎದ್ದ. ಎದ್ದವನು ಸುಬ್ಹಿಯ ಅಂಗಡಿಗೆ ಹೋಗಿ ಮಾಡಬಾರದ ಕೆಲಸ ಮಾಡಿದ.

"ಶುಕ್ರವಾರ ಮಧ್ಯಾಹ್ನದ ಮೇಲೆ ನಾವು ನಾಲ್ಕು ಜನ ಹಾಜಿ ಮನೆಗೆ ಜಾಹಾ ಹೋಗ್ಬೇಕು. ಒಂದು ಕೋರಿಕೆ ಇದೆ," ಎಂದ.

ಸುಬ್ಹಿಯ ಕೈಯ ಕತ್ತರಿ ನಿಂತಿತು. ಜಾಹಾ ಎಂದರೆ ಆಟವಲ್ಲ. ಹೆಣ್ಣು ಕೇಳಲು, ಇಲ್ಲವೇ ಕೊಲೆಯಾದಾಗ ರಾಜಿ ಕೇಳಲು ಹಿರಿಯರು ಗುಂಪು ಕಟ್ಟಿಕೊಂಡು ಹೋಗುವ ಕ್ರಮ ಅದು. ಬಂದವರ ಮುಖ್ಯಸ್ಥ ಕಾಫಿ ಬಟ್ಟಲನ್ನು ಮುಟ್ಟದೆ ಕೆಳಗಿಡುತ್ತಾನೆ. ಕೋರಿಕೆ ಈಡೇರಿತು ಎಂದು ಮನೆಯವರು ಹೇಳಿದ ಮೇಲೆಯೇ ಕುಡಿಯುವುದು. ಕುಡಿದ ಮೇಲೆ ಮಾತಿಗೆ ಬೀಗ ಬಿದ್ದಂತೆ. ಕುಡಿಯದ ಬಟ್ಟಲು ಬಿಟ್ಟು ಅವರು ಎದ್ದುಹೋದರೆ ಆ ಮನೆಯ ಮಾನ ಮೆಟ್ಟಿಲ ಮೇಲೆ ಬಂದಂತೆ.

"ಏನು ಕೋರಿಕೆ?" ಎಂದ ಸುಬ್ಹಿ.

"ಅಲ್ಲೇ ಹೇಳ್ತೀನಿ."

ಸುಬ್ಹಿ ಕಣ್ಣು ಮಿಟುಕಿಸಿದ. ಹಿಕ್ಮತನಿಗೆ ಮದುವೆಯಾಗದ ಮಗ ಇದ್ದಾನೆ, ಹಾಜಿಗೆ ಮದುವೆಯಾಗದ ಮೊಮ್ಮಗಳು ಬಯಾನ್ ಇದ್ದಾಳೆ. ಇನ್ನು ಕೇಳುವುದೇನು? ಸಂಜೆಯೊಳಗೆ ಸುದ್ದಿ ನೂರ ಎಪ್ಪತ್ತೆರಡನೇ ಮೆಟ್ಟಿಲು ಮುಟ್ಟಿತು. ಅದು ಹಿಕ್ಮತನ ಕಿವಿಗೂ ಬಿತ್ತು. ಅವನು ಅಲ್ಲ ಅನ್ನಲಿಲ್ಲ. ಅಂದಿದ್ದರೆ ಹಾಜಿಯ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ.

ಶುಕ್ರವಾರ ರುವೈದಾ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ನೀರಿನ ದಿನವಾದ್ದರಿಂದ ಹಿಂದೆ ಬಟ್ಟೆ ಒಗೆಯುವ ಯಂತ್ರ ಗಡಗಡ ಎನ್ನುತ್ತಿತ್ತು. ಅವಳಿಗೆ ಮಾತ್ರ ಅವನು ನಿಜ ಹೇಳಿದ್ದ, ನೀರಿನದು ಸಹ.

"ಬೇಡಾಂತ ಹೇಳೋ ಧೈರ್ಯ ನನಗಿಲ್ಲ," ಎಂದಳು ಅವಳು, ಗುಂಡಿ ಹಾಕುತ್ತ. "ಹೋಗು ಅಂತಲೂ ಬಾಯಿ ಬರ್ತಿಲ್ಲ. ಉಮ್ಮ್ ಧಿಯಾಬ್ ನನ್ನ ಬಾಣಂತನ ಮಾಡಿದೋಳು ಕಣೋ."

"ಹನ್ನೊಂದು ತಿಂಗಳು, ರುವೈದಾ."

"ನನಗೂ ಎಣಿಸೋಕೆ ಬರುತ್ತೆ," ಎಂದು ಅವಳು ಮುಖ ತಿರುಗಿಸಿದಳು.

ಹಾಜಿಯ ಮನೆಯ ಗಂಡಸರೆಲ್ಲ ಸ್ನಾನ ಮಾಡಿ ಗರಿಗರಿ ಅಂಗಿ ತೊಟ್ಟು ಗೋಡೆಯುದ್ದಕ್ಕೂ ಕೂತಿದ್ದರು. ಪರದೆಯ ಆಚೆ ಬಳೆ ಸದ್ದು, ಪಿಸುಮಾತು, ಶರಬತ್ತಿನ ಲೋಟಗಳ ಸದ್ದು. ಅದರ ಹಿಂದೆ ಆ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ. ಹಿಕ್ಮತನಿಗೆ ಅದೊಂದೇ ಕೇಳಿಸುತ್ತಿತ್ತು. ಅವನ ಬಲಕ್ಕೆ ಸುಬ್ಹಿ, ಎಡಕ್ಕೆ ನಿವೃತ್ತ ಮಾಸ್ತರು ಅತಾಲ್ಲಾ, ಆಚೆ ರೊಟ್ಟಿ ಸುಡುವ ಖಲಫ್. ಮೂವರೂ ಹೆಣ್ಣು ಕೇಳಲು ಬಂದ ಮುಖ ಹೊತ್ತು ಕೂತಿದ್ದರು.

ಹಾಜಿಯ ಹಿರಿಮಗ ಧಿಯಾಬ್ ಉದ್ದ ಮೂತಿಯ ಹಿತ್ತಾಳೆ ಪಾತ್ರೆಯಿಂದ ಕಹಿ ಕಾಫಿ ಬಗ್ಗಿಸಿ ಬಟ್ಟಲನ್ನು ಹಿಕ್ಮತನಿಗೆ ಕೊಟ್ಟ. ಹಿಕ್ಮತ್ ಅದನ್ನು ಮುಂದಿನ ಪುಟ್ಟ ಮೇಜಿನ ಮೇಲೆ ಇಟ್ಟ.

ಅತಾಲ್ಲಾ ಮಾಸ್ತರು ಕೆಮ್ಮಿ ಗಂಟಲು ಸರಿಮಾಡಿಕೊಂಡರು, ದೊಡ್ಡ ಭಾಷಣಕ್ಕೆ. ಅಷ್ಟರಲ್ಲಿ ಹಾಜಿ ಕೈ ಎತ್ತಿದರು. ಅವರ ಮುಖದಲ್ಲಿ ಸಂತೋಷ ತುಂಬಿ ಹೊರಬರುತ್ತಿತ್ತು.

"ಮಾಸ್ತರೇ, ನಿಮ್ಮ ಭಾಷಣ ಮದುವೆ ದಿನಕ್ಕೆ ಇಟ್ಕೊಳ್ಳಿ. ಅಬು ಲಬೀಬ್ ನಮ್ಮ ಕಣ್ಮುಂದೆ ಬೆಳೆದೋನು. ಕುಡಿಯಪ್ಪಾ ಕಾಫಿನ. ನೀನು ಏನು ಕೇಳೋಕೆ ಬಂದಿದೀಯೋ, ಅದನ್ನ ಕೊಟ್ಟೆ."

ಪರದೆಯ ಹಿಂದೆ ಹುಡುಗಿಯೊಬ್ಬಳು ಸಂಭ್ರಮದ ಉಲಿ ತೆಗೆದೇಬಿಟ್ಟಳು. ಯಾರೋ ಅವಳ ಬಾಯಿ ಮುಚ್ಚಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಜಿ ಕೇಳುವ ಮೊದಲೇ ಕೊಟ್ಟುಬಿಟ್ಟಿದ್ದರು. ಈಗ ಕುಡಿದುಬಿಟ್ಟರೆ ಆಯಿತು, ಹೇಳುವುದನ್ನು ಆಮೇಲೆ ಹೇಳಬಹುದು ಎಂದು ಹಿಕ್ಮತನ ತಲೆ ಹೇಳಿತು. ಕೈ ಮುಂದೆ ಹೋಗಲಿಲ್ಲ.

"ಹಾಜಿ, ನಾನು ಬಯಾನ್‌ಗೋಸ್ಕರ ಬಂದಿಲ್ಲ," ಎಂದ. "ಮನೆಗೋಸ್ಕರ ಬಂದೆ. ಈ ಹನ್ನೆರಡು ಮನೆ ಕಂಪನಿಗೆ ಕೊಟ್ಟು ನೀವೆಲ್ಲ ಹೊಸ ಫ್ಲಾಟ್ ತಗೋಬೇಕು. ಅದೇ ನನ್ನ ಕೋರಿಕೆ."

ಸುಬ್ಹಿ ಬಾಯಿ ತೆರೆದವನು ಮುಚ್ಚಲಿಲ್ಲ. ಮಾಸ್ತರು ತಲೆ ತಗ್ಗಿಸಿದರು. ಪರದೆಯ ಆಚೆ ಲೋಟಗಳ ಸದ್ದು ನಿಂತಿತು, ಯಾವಳೋ ಅಳುವುದು ಸಣ್ಣಗೆ ಕೇಳಿಸಿತು. ಧಿಯಾಬ್ ಕಾಫಿ ಪಾತ್ರೆ ಹಿಡಿದೇ ಎದ್ದು ನಿಂತ.

"ಥೂ! ಜಾಹಾ ಕಟ್ಕೊಂಡು ಬಂದು ಫ್ಲಾಟ್ ಮಾರ್ತೀಯಾ? ನಾಳೆ ಹೆಣ ಹೊತ್ತ ಜನಾಜಾ ಮುಂದೆ ನಿಂತು ಹಾಸಿಗೆ ಮಾರ್ತೀಯಾ? ಎದ್ದು ಹೋಗು!"

"ಕೂತ್ಕೋ ಧಿಯಾಬ್." ಹಾಜಿಯ ಸ್ವರ ಏರಲಿಲ್ಲ. ಆದರೆ ಆ ಸಂತೋಷ ಮುಖದಿಂದ ಇಳಿದುಹೋಗಿತ್ತು, ಒಂದೇ ಗಳಿಗೆಯಲ್ಲಿ ಅವರು ತಮ್ಮ ವಯಸ್ಸಿನಷ್ಟೇ ಮುದುಕರಾಗಿದ್ದರು. "ನಾನು ಕೊಟ್ಟೆ ಅಂದಾಗಿದೆ. ಏನು ಅಂತ ಕೇಳದೇನೇ ಅಂದಿದ್ದು ನನ್ನ ತಪ್ಪು. ಕಾಗದ ತಂದಿದೀಯಾ?"

"ತಂದಿದೀನಿ," ಎಂದ ಹಿಕ್ಮತ್. ಪಕ್ಕದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ನನಗೆ ಓದೋಕೆ ಬರಲ್ಲ. ನನ್ನ ಮಕ್ಕಳು ಓದೋದೂ ಬೇಡ. ಕಾಗದಕ್ಕಿಂತ ನಿನ್ನ ಬಾಯಿ ಸಾಕು ನನಗೆ. ಆ ಫ್ರಿಜ್ ತಂದಾಗ ನಾನು ಒಂದೇ ಮಾತು ಕೇಳ್ದೆ, ಓಡುತ್ತಾ ಅಂತ. ಓಡುತ್ತೆ ಅಂದೆ ನೀನು. ಓಡ್ತಾ ಇದೆ." ಹಾಜಿ ಮುಂದಕ್ಕೆ ಬಾಗಿದರು. "ಇವತ್ತೂ ಒಂದೇ ಮಾತು. ಅಲ್ಲಿ ನೀರಿದೆಯಾ, ಮಗಾ? ಇದ್ರೆ ಕುಡಿ, ಇವತ್ತೇ ಹೆಬ್ಬೆಟ್ಟು ಒತ್ತುತೀನಿ."

ಹಿಕ್ಮತ್ ಬಟ್ಟಲು ಎತ್ತಿಕೊಂಡ. ತಳ ಮುಚ್ಚುವಷ್ಟೇ ಕಾಫಿ, ಒಂದು ಗುಟುಕು. ಆ ಗುಟುಕಿನ ಆಚೆ ಹನ್ನೊಂದು ತಿಂಗಳು, ರುವೈದಾಳ ಮುಪ್ಪು, ಔಷಧಿ, ಬಾಡಿಗೆ ಎಲ್ಲ ಇತ್ತು. ಕುಡಿದರೆ ಮುಗಿಯಿತು, ಈ ಮುದುಕ ಕೊಟ್ಟ ಮಾತಿಗೆ ಸೊಸೆಯಂದಿರನ್ನು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬತ್ತಿದ ನಲ್ಲಿಯ ಕೆಳಗೆ ಹೋಗಿ ಕೂರುತ್ತಾನೆ. ನೀರಿಲ್ಲ ಎಂದು ಕುಡಿಯದೆ ಎದ್ದರೆ ಕೊಟ್ಟ ಕಾಫಿಯನ್ನು ಒದ್ದು ಹೋದಂತೆ, ಹಾಜಿಯ ಮನೆಯ ಮಾನ ಈ ಇಪ್ಪತ್ತು ಗಂಡಸರ ಮುಂದೆ ಹರಾಜು. ಎರಡಕ್ಕೂ ತಾನೇ ಕಾರಣ. ಇಂಥ ಜಾಗಕ್ಕೆ ತನ್ನನ್ನು ತಾನೇ ತಂದುಕೊಂಡೆನಲ್ಲ ಎಂದು ಅವನಿಗೆ ಅಳು ಬಂತು.

ಅವನು ಬೆರಳು ಸಡಿಲ ಬಿಟ್ಟ.

ಬಟ್ಟಲು ಮೊಣಕಾಲಿಗೆ ಬಡಿದು ಉರುಳಿತು, ಕಾಫಿ ಬಿಳಿ ಅಂಗಿಯ ಮೇಲೂ ಜಮಖಾನದ ಮೇಲೂ ಚೆಲ್ಲಿತು. ಆಮೇಲೆ ಪರದೆಯ ಹಿಂದಿನಿಂದ ಉಮ್ಮ್ ಧಿಯಾಬಳ ಸ್ವರ, ಎಂಬತ್ತು ವರ್ಷದ ರೂಢಿಯಿಂದ ತಾನಾಗಿ ಬಂತು: "ಖೈರ್! ಖೈರ್!"

"ಖೈರ್," ಎಂದರು ಮಾಸ್ತರು, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ. "ಖೈರ್, ಖೈರ್," ಎಂದವು ಗೋಡೆಯುದ್ದಕ್ಕೂ ಬಾಯಿಗಳು.

ಧಿಯಾಬ್ ಇನ್ನೊಮ್ಮೆ ಬಗ್ಗಿಸಲು ಪಾತ್ರೆ ಮುಂದೆ ತಂದ. ಹಿಕ್ಮತ್ ಬಿದ್ದ ಬಟ್ಟಲನ್ನು ಹೆಕ್ಕಿಕೊಂಡು, ಹೊಟ್ಟೆ ತುಂಬ ಕುಡಿದ ಅತಿಥಿಗಳು ಅಲ್ಲಾಡಿಸಿ ಸಾಕು ಎನ್ನುವ ಹಾಗೆ, ಆ ಬರಿದು ಬಟ್ಟಲನ್ನು ಅಲ್ಲಾಡಿಸಿ ಅವನ ಕೈಗೆ ಕೊಟ್ಟ. ಧಿಯಾಬ್ ಅಪ್ಪನ ಕಡೆ ನೋಡಿದ. ಹಾಜಿ ಬಹಳ ಹೊತ್ತು ಹಿಕ್ಮತನ ಅಂಗಿಯ ಮೇಲಿನ ಕಂದು ಕಲೆಯನ್ನೇ ನೋಡುತ್ತಿದ್ದರು.

"ಚೆಲ್ಲಿದ್ದು ಕುಡಿದ ಹಾಗಲ್ಲ, ಬಿಟ್ಟ ಹಾಗೂ ಅಲ್ಲ," ಎಂದರು ಕೊನೆಗೆ. "ದೇವರು ಒಳ್ಳೇದು ಮಾಡಿದ. ಪಾತ್ರೆ ಒಳಗಿಡು ಧಿಯಾಬ್."

ಬಾಗಿಲವರೆಗೆ ಹಾಜಿ ತಾವೇ ಬಂದರು, ಕೋಲೂರಿಕೊಂಡು. ಸುಬ್ಹಿ ಮತ್ತು ಉಳಿದಿಬ್ಬರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು, ಯಾರೂ ಹಿಕ್ಮತನಿಗೆ ಕಾಯಲಿಲ್ಲ.

"ಎಷ್ಟು ದಿನದ ನೀರು?" ಎಂದರು ಹಾಜಿ ಮೆಲ್ಲಗೆ.

"ಎರಡು."

"ಗೊತ್ತಿದ್ದೂ ಬಂದೆ."

"ಗೊತ್ತಿದ್ದೂ ಬಂದೆ, ಹಾಜಿ."

ಹಾಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಮಗು ಬಯಾನ್ ಬೆಳಿಗ್ಗೆಯಿಂದ ಊಟ ಮಾಡಿಲ್ಲ, ಹೊಸ ಬಟ್ಟೆ ಹಾಕ್ಕೊಂಡು ಕೂತಿದ್ಲು," ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡರು.

ಹಿಕ್ಮತ್ ಇಳಿದ. ನೂರ ಮೂವತ್ತೆರಡು ಮೆಟ್ಟಿಲು. ಸುದ್ದಿ ಅವನಿಗಿಂತ ಮುಂಚೆ ಇಳಿದುಹೋಗಿದ್ದರಿಂದ, ಪಡಸಾಲೆಗಳಲ್ಲಿ ಕೂತ ಹೆಂಗಸರು ಅವನನ್ನು ನೋಡಿ ಮಾತು ನಿಲ್ಲಿಸಿದರು. ಅವನು ಮುಖ ಮುಚ್ಚಿಕೊಳ್ಳಬೇಕಿತ್ತು, ಆದರೆ ಎರಡೂ ಕೈಯಲ್ಲಿ ಸಹಿಯಾಗದ ಕಾಗದಗಳ ಚೀಲ ಇತ್ತು. ಹಾಗೇ ಇಳಿದ, ಎಲ್ಲರಿಗೂ ಕಾಣುವ ಹಾಗೆ.

ರುವೈದಾ ಹೊಸ್ತಿಲಲ್ಲೇ ನಿಂತಿದ್ದಳು. "ಕುಡಿದ್ಯಾ?"

"ಚೆಲ್ಲಿತು."

"ಖೈರ್," ಎಂದಳು ಅವಳು, ಎಲ್ಲರೂ ಅನ್ನುವ ಹಾಗೆ. ಅಂದ ಮೇಲೆ ಅವಳಿಗೆ ಅರ್ಥವಾಯಿತು. ಹೊಸ್ತಿಲ ಮೇಲೆ ಕೂತು, ತಲೆವಸ್ತ್ರದಲ್ಲಿ ಮುಖ ಹುದುಗಿಸಿ, ಸದ್ದಿಲ್ಲದೆ ಅತ್ತಳು. ಹಿಕ್ಮತ್ ಪಕ್ಕದಲ್ಲಿ ಕೂತ. ಸಮಾಧಾನಕ್ಕೆ ಅವನ ಬಳಿ ಮಾರಲು ಏನೂ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಮೂಗು ಒರೆಸಿಕೊಂಡು ಅವನ ಅಂಗಿಯ ಗುಂಡಿ ಬಿಚ್ಚತೊಡಗಿದಳು.

"ತೆಗಿ ಬೇಗ. ಕಲೆ ಒಣಗಿದ್ರೆ ಹೋಗಲ್ಲ. ಇನ್ನೂ ನೀರು ಬರ್ತಿದೆ."